ನಕ್ಷೆಯಲ್ಲಿದ್ದ ಟ್ಯಾಂಕ್

ನಾನು ಅಳೆದ ಜಾಗದಲ್ಲಿ ಒಂದು ಗೇಣು ಹೆಚ್ಚುಕಡಿಮೆಯಾಗಿದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಬಾಯಿ ತೆರೆದಿಲ್ಲ. ತೆರೆದಿದ್ದರೆ ಟೇಪನ್ನು ಅವರ ಕೈಗೇ ಕೊಟ್ಟು, ಬಿಸಿಲಲ್ಲಿ ನಿಲ್ಲಿಸಿ ಅಳೆಸುತ್ತಿದ್ದೆ. ನಗರಸಭೆಯ ಸರ್ವೆ ವಿಭಾಗದಲ್ಲಿ ನನಗೆ ‘ಮೂಗಿನ ತುದಿ’ ಎಂದು ಹೆಸರಿಟ್ಟಿದ್ದಾರೆ, ನನ್ನ ಕೋಪ ಅಲ್ಲೇ ಕೂತಿರುತ್ತದಂತೆ. ಇಡಲಿ ಬಿಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯುವವಳಿಗೆ ಕೋಪ ಬಾರದೆ ಇನ್ನೇನು ಬರುತ್ತದೆ?

ಮನೆಯಲ್ಲಿ ನಾವು ಮೂವರು: ನಾನು, ನನ್ನ ತಮ್ಮ, ಗುಂಡ. ಗುಂಡ ಎಂದರೆ ನಾಯಿ, ಕಂದು ಬಣ್ಣದ್ದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಅದು ನಮ್ಮದಲ್ಲ. ತಮ್ಮ ಗೋದಾಮಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಎರಡು ವರ್ಷದ ಹಿಂದೆ ಕ್ರೇನಿನ ಕೊಕ್ಕೆಯಿಂದ ಪೆಟ್ಟಿಗೆಯೊಂದು ಜಾರಿ, ಕೆಳಗೆ ನಿಂತಿದ್ದ ಅವನ ಗೆಳೆಯನ ಮೇಲೆ ಬಿತ್ತು. ಕೊಕ್ಕೆಯ ದೋಷ, ಓಡಿಸಿದವನದ್ದಲ್ಲ ಎಂದು ವಿಚಾರಣೆಯಲ್ಲಿ ಬರೆದುಕೊಟ್ಟರು. ತಮ್ಮ ಒಪ್ಪಲಿಲ್ಲ. ಸತ್ತವನ ನಾಯಿಯನ್ನು ಕರೆದುಕೊಂಡು ಬಂದ, ಕೋಣೆ ಸೇರಿದ, ಬಾಯಿಗೆ ಬೀಗ ಹಾಕಿಕೊಂಡ.

ಅವನನ್ನು ಹೊರಗೆ ಎಳೆದದ್ದು ಗುಂಡನೇ. ನಾಯಿಗೆ ಹೊರಗೆ ಹೋಗಲೇಬೇಕಲ್ಲ, ಯಾರ ದುಃಖ ಕಟ್ಟಿಕೊಂಡು ಅದಕ್ಕೇನು? ನಮ್ಮ ಬೀದಿಯ ಹಿಂದೆ, ಬಟ್ಟೆ ಒಗೆಯುವ ಅಂಗಡಿಯ ಗೋಡೆ ದಾಟಿದರೆ ಒಂದೂವರೆ ಎಕರೆ ಬಯಲಿತ್ತು. ಎರಡು ಕಡೆ ಹಳೆಯ ಕಾಂಪೌಂಡು, ಏಳು ಮರ, ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ. ಸಂಜೆ ಐದೂವರೆಗೆ ಹತ್ತು ಹನ್ನೆರಡು ಮಂದಿ ಅಲ್ಲಿ ಸೇರಿ ನಾಯಿಗಳ ಚೈನು ಬಿಚ್ಚುತ್ತಿದ್ದರು. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಪುಟ್ಟಿಯ ಅಮ್ಮ, ಕರಿಯನ ಅಜ್ಜ, ಚುಕ್ಕಿಯ ಚಿಕ್ಕಪ್ಪ, ಅಷ್ಟೇ. ನನ್ನ ತಮ್ಮ ಗುಂಡನ ಅಪ್ಪ. ಕ್ರೇನಿನ ಸುದ್ದಿ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೋಡೆಯಾಚೆ ನಿಂತು ಒಂದು ದಿನ ನಾನೇ ಕಿವಿಯಾರೆ ಕೇಳಿದೆ: ನನ್ನ ತಮ್ಮ ನಗುತ್ತಿದ್ದ. ಅಂಗಡಿಯ ಹಿಂದೆ ಕೂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು.

ಹೀಗಿರುವಾಗ ಊರಿನ ಇನ್ನೆಲ್ಲೋ ಒಂದು ನಾಯಿ ಯಾರನ್ನೋ ಕಚ್ಚಿತು. ನಗರಸಭೆಗೆ ಎಚ್ಚರವಾಯಿತು. ಇನ್ನು ಮೇಲೆ ಗೊತ್ತುಮಾಡಿದ ಉದ್ಯಾನದಲ್ಲಿ ಮಾತ್ರ ನಾಯಿಯ ಚೈನು ಬಿಚ್ಚಬಹುದು, ಬೇರೆಡೆ ಬಿಚ್ಚಿದರೆ ವ್ಯಾನು ಬಂದು ಹಿಡಿದೊಯ್ಯುತ್ತದೆ ಎಂದು ನಿಯಮವಾಯಿತು. ಉದ್ಯಾನಕ್ಕೆ ಜಾಗ ಹುಡುಕುವ ಕೆಲಸ ನನ್ನ ಮೇಜಿಗೆ ಬಂತು.

ಆ ರಾತ್ರಿ ಊಟದ ತಟ್ಟೆಯ ಮುಂದೆ ತಮ್ಮ ತಲೆಯೆತ್ತಿದ.

“ಅಕ್ಕಾ, ನಮ್ ಜಾಗಾನೇ ಮಾಡ್ಸು.”

ಎರಡು ವರ್ಷದಲ್ಲಿ ಅವನು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

“ಮಾಡ್ಸದೆ ಬಿಡ್ತೀನಾ? ತಿನ್ನು ಮೊದ್ಲು,” ಎಂದೆ.

ಪಟ್ಟಿಯಲ್ಲಿ ಮೂರು ಜಾಗ ಇಟ್ಟುಕೊಂಡೆ. ಗ್ರಂಥಾಲಯದ ಹಿಂದಿನದ್ದು ಶಾಲೆಗೆ ಅಂಟಿಕೊಂಡಿತ್ತು. ಹೆದ್ದಾರಿಯಾಚೆಯದ್ದು ಹೈಟೆನ್ಷನ್ ತಂತಿಯ ಕೆಳಗಿನ ಉದ್ದನೆಯ ಪಟ್ಟಿ, ಒಂದು ಗಿಡ ಇಲ್ಲ, ನಡೆದು ಹೋಗಲು ದಾರಿಯೂ ಇಲ್ಲ. ಮೂರನೆಯದು ನಮ್ಮದು. ನೆರಳು, ನೀರು, ಇಳಿಜಾರು, ಮನೆಗಳಿಂದ ದೂರ, ಕಾಲ್ನಡಿಗೆಯ ದಾರಿ, ಎಲ್ಲಕ್ಕೂ ಅಂಕ ಹಾಕಿದೆ. ತಮ್ಮನ ಮುಖ ನೋಡಿ ಅರ್ಧ ಅಂಕವನ್ನೂ ಹೆಚ್ಚು ಹಾಕಲಿಲ್ಲ, ಹಾಕುವ ಅಗತ್ಯವೂ ಬರಲಿಲ್ಲ. ನಮ್ಮ ಬಯಲಿಗೆ ನೂರಕ್ಕೆ ಎಂಬತ್ತಾರು. ಹೆದ್ದಾರಿಯದಕ್ಕೆ ಇಪ್ಪತ್ತೊಂಬತ್ತು.

ಒಂದೇ ತೊಡಕು. ನಗರಸಭೆಯ ನಕ್ಷೆಯಲ್ಲಿ ನಮ್ಮ ಬಯಲಿನ ನಟ್ಟನಡುವೆ ಒಂದು ನೀಲಿ ವೃತ್ತ, ‘ನೀರಿನ ಟ್ಯಾಂಕ್’ ಎಂದು ಬರಹ. ಆ ಟ್ಯಾಂಕನ್ನು ನಾನು ಕೆಲಸಕ್ಕೆ ಸೇರುವ ಮೊದಲೇ ಒಡೆದು ಹಾಕಿದ್ದರು. ನಕ್ಷೆಯಿಂದ ತೆಗೆಯುವುದನ್ನು ಮಾತ್ರ ಮರೆತಿದ್ದರು. ನೋಡಿದ ಕೂಡಲೇ ನನ್ನ ಮೈ ಉರಿಯಿತು.

ನಕ್ಷೆ ಬರೆಯುವ ಹಿರಿಯರೊಬ್ಬರಿದ್ದರು, ಕಿವಿಯ ಮೇಲೆ ಸದಾ ಪೆನ್ಸಿಲ್. ಎಲ್ಲರೂ ಪೆನ್ಸಿಲ್ ಮಾವ ಎನ್ನುತ್ತಿದ್ದೆವು. ಅವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು.

“ಅಮ್ಮಾ ತಾಯಿ, ಆ ಟ್ಯಾಂಕ್ ಮುಟ್ಬೇಡ.”

“ಟ್ಯಾಂಕೇ ಇಲ್ವಲ್ಲ ಮಾವ, ಮುಟ್ಟೋದೇನು?”

“ಇಲ್ದೇ ಇರೋದಕ್ಕೇ ಹೇಳ್ತಿರೋದು. ‘ಟ್ಯಾಂಕಿನ ಆವರಣದಲ್ಲಿ ನಾಯಿಗಳಿಗೆ ಅವಕಾಶ’ ಅಂತ ಒಂದ್ ಸಾಲು ಗೀಚಿ ಕಳ್ಸು. ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಸುಮ್ನೆ ಸಹಿ ಬೀಳುತ್ತೆ.”

“ಇಲ್ದಿರೋ ಟ್ಯಾಂಕಿಗೆ ಆವರಣ ಬೇರೆ! ನಾಳೆ ಯಾರಾದ್ರೂ ಬಂದು ನೋಡಿದ್ರೆ ನನ್ ಮರ್ಯಾದೆ ಏನಾಗ್ಬೇಕು?”

“ಮೂವತ್ತು ವರ್ಷದಿಂದ ಯಾರ್ ಬಂದು ನೋಡಿದಾರೆ?”

“ಅದೇ ತಪ್ಪು ಅಂತಿರೋದು ನಾನು.”

ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ತಮ್ಮ ಮೇಜಿಗೆ ಹೋದರು. ನಾನು ಮೂರು ಸಂಜೆ ಬಯಲಿನಲ್ಲಿ ನಿಂತು ಅಳೆದೆ. ಟೇಪಿನ ಇನ್ನೊಂದು ತುದಿ ಹಿಡಿದದ್ದು ನನ್ನ ತಮ್ಮನೇ. ಕರಿಯನ ಅಜ್ಜ ಗೂಟ ನೆಟ್ಟುಕೊಟ್ಟರು, ಪುಟ್ಟಿಯ ಅಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. “ಗೇಟು ಇಲ್ಲಿ ಬರಲಿ ಮೇಡಂ,” “ಅಲ್ಲೊಂದು ಬೆಂಚು ಹಾಕ್ಸಿ ಮೇಡಂ” ಎಂದು ಎಲ್ಲರದ್ದೂ ಗಲಾಟೆ. ತಮ್ಮ ದೊಡ್ಡ ದನಿಯಲ್ಲಿ ಅಳತೆ ಕೂಗುತ್ತಿದ್ದ. ನಾಲ್ಕನೆಯ ದಿನ ನಕ್ಷೆಯ ಮೇಲಿನ ನೀಲಿ ವೃತ್ತವನ್ನು ಅಳಿಸಿ, ನನ್ನ ಕೈಯಾರೆ ಬರೆದೆ: ‘ಟ್ಯಾಂಕ್ ಇಲ್ಲ. ಒಂದೂವರೆ ಎಕರೆ ಪೂರ್ತಿ ಖಾಲಿ.’ ಕೆಳಗೆ ಸಹಿ, ತಾರೀಖು, ಮೊಹರು.

ಸಭೆಯಲ್ಲಿ ನನ್ನ ಅಂಕಪಟ್ಟಿಯನ್ನು ಯಾರೂ ಓದಲಿಲ್ಲ. ಕಮಿಷನರ್ ನಕ್ಷೆಯನ್ನು ಬಿಡಿಸಿ, ಬಗ್ಗಿ ನೋಡಿ, ಮೇಜು ಗುದ್ದಿದರು.

“ಊರ್ ನಡುವೆ ಒಂದೂವರೆ ಎಕರೆ ಖಾಲಿ ಇದೆಯಾ! ಇಷ್ಟ್ ದಿನ ನನಗ್ಯಾಕೆ ಯಾರೂ ಹೇಳ್ಲಿಲ್ಲ?”

“ಸರ್, ಅದು ನಾಯಿಗಳ ಉದ್ಯಾನಕ್ಕೆ...”

“ನಾಯಿಗೇನ್ರೀ, ಎಲ್ಲಿ ಬಿಟ್ರೂ ಓಡುತ್ತೆ. ಜಪ್ತಿ ಮಾಡಿದ್ ಗಾಡಿಗಳನ್ನ ನಿಲ್ಸೋಕೆ ಜಾಗ ಇಲ್ದೆ ನಾವು ಸಾಯ್ತಿದೀವಿ!”

ಅಂಕಪಟ್ಟಿಯನ್ನು ಮುಂದೆ ತಳ್ಳಿದೆ. ಎಂಬತ್ತಾರು ಎಂದೆ, ಮರಗಳು ಎಂದೆ, ಜನ ಆಗಲೇ ಬರುತ್ತಿದ್ದಾರೆ ಎಂದೆ. ನನ್ನ ದನಿ ಜೋರಾಯಿತು. ಎಂಜಿನಿಯರ್ ನಕ್ಕರು. ಹೆದ್ದಾರಿಯಾಚೆಯ ಪಟ್ಟಿ ನಾಯಿಗಳಿಗೆ ಎಂದು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಏಳುವ ಮೊದಲು ಕಮಿಷನರ್ ನನ್ನತ್ತ ತಿರುಗಿ, “ಭೇಷ್, ನಿಮ್ಮಂಥವ್ರು ಇರ್ಬೇಕು ನೋಡಿ,” ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಪೆನ್ಸಿಲ್ ಮಾವ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಹದಿನೈದು ದಿನದಲ್ಲಿ ಮರಗಳು ಹೋದವು. ಬಯಲಿನ ಸುತ್ತ ತಗಡಿನ ಬೇಲಿ ಎದ್ದಿತು, ಒಳಗೆ ತುಕ್ಕು ಹಿಡಿದ ಆಟೋಗಳು, ಗಾಜೊಡೆದ ಕಾರುಗಳು. ಮೊದಲ ಎರಡು ಸಂಜೆ ತಮ್ಮ ಗುಂಡನನ್ನು ಹಿಡಿದುಕೊಂಡು ಬೇಲಿಯವರೆಗೆ ಹೋಗಿ ಬಂದ. ಮೂರನೆಯ ಸಂಜೆ ಹೋಗಲಿಲ್ಲ. ನನ್ನ ಮೇಲೆ ಕೂಗಾಡಿದ್ದರೆ ಎಷ್ಟೋ ಮೇಲಿತ್ತು, ಒಂದು ತಟ್ಟೆ ಎತ್ತಿ ಎಸೆದಿದ್ದರೂ ಆಗುತ್ತಿತ್ತು. ಟ್ಯಾಂಕ್ ಅಳಿಸಿದ್ದು ನಾನೇ ಎಂದು ಅವನ ಕೋಣೆಯ ಬಾಗಿಲ ಹೊರಗೆ ನಿಂತು ಹೇಳಿದೆ. ಒಳಗಿನಿಂದ “ಹ್ಞೂಂ” ಎಂದಷ್ಟೇ ಬಂತು.

ಉಳಿದವರನ್ನಾದರೂ ಒಟ್ಟು ಸೇರಿಸೋಣ ಎಂದು ಹೊರಟೆ. ಆಗಲೇ ತಿಳಿದದ್ದು, ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಮನೆ ಗೊತ್ತಿಲ್ಲ, ಫೋನ್ ನಂಬರ್ ಇಲ್ಲ. ಪುಟ್ಟಿಯ ಅಮ್ಮ ಎಲ್ಲಿರುತ್ತಾರೆ ಎಂದು ಬಟ್ಟೆ ಒಗೆಯುವ ಅಂಗಡಿಯವನನ್ನು ಕೇಳಿದರೆ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾವ್ ಪುಟ್ಟಿ ಮೇಡಂ?” ಎಂದ.

ನಗರಸಭೆ ಕೊಟ್ಟ ಉದ್ಯಾನ ತೆರೆದ ಮೊದಲ ಭಾನುವಾರ ಗುಂಡನನ್ನು ನಾನೇ ಕರೆದುಕೊಂಡು ಹೋದೆ. ಬಸ್ಸಿನವನು ನಾಯಿಯನ್ನು ಹತ್ತಿಸಲಿಲ್ಲ. ಒಂದೂಕಾಲು ಗಂಟೆ ನಡೆದೆವು. ಹೊಸ ಗೇಟು, ಹೊಸ ಫಲಕ, ಮೇಲೆ ತಂತಿಗಳ ಗುಂಯ್‌ಗುಡುವಿಕೆ, ಉದ್ದಕ್ಕೂ ಜಲ್ಲಿ. ಒಂದು ನರಪಿಳ್ಳೆಯೂ ಇರಲಿಲ್ಲ. ಚೈನು ಬಿಚ್ಚಿದೆ. “ಹೋಗೋ, ಓಡೋ ಗುಂಡ!” ಎಂದೆ. ಅದು ಗೇಟಿನ ಹತ್ತಿರ ಹೋಗಿ, ರಸ್ತೆಯ ಕಡೆ ಮುಖ ಮಾಡಿ ಕೂತಿತು. ಸಂಜೆ ಐದೂವರೆಯಿಂದ ಆರೂವರೆಯವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು.

ಮನೆಗೆ ಬಂದಾಗ ತಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಚೈನಿನ ಸದ್ದು ಅವನಿಗೆ ಕೇಳಿಸಿರಬೇಕು.

“ಯಾರಾದ್ರೂ ಬಂದಿದ್ರಾ?”

ತಿಂಗಳಿನ ಮೇಲೆ ಕೇಳಿದ ದನಿ. ಬಾಗಿಲ ಹತ್ತಿರ ಹೋದೆ.

“ಬಂದಿದ್ರಪ್ಪಾ, ಎಲ್ರೂ ಬಂದಿದ್ರು,” ಎಂದೆ. “ಕರಿಯನ ಅಜ್ಜ, ಪುಟ್ಟಿ ಅಮ್ಮ... ಗುಂಡನ ಅಪ್ಪ ಎಲ್ಲಿ ಅಂತ ಎಲ್ರೂ ಕೇಳಿದ್ರು. ಬಾ ನಾಳೆ, ಜೊತೇಲೇ ಹೋಗೋಣ.”

ಒಳಗೆ ಮಂಚ ಕಿರುಗುಟ್ಟಿತು. ಅವನು ಎದ್ದು ಬಾಗಿಲು ತೆಗೆಯುತ್ತಾನೆ ಎಂದುಕೊಂಡೆ. ಗೋಡೆಯ ಕಡೆಗೆ ಹೊರಳಿದ್ದಷ್ಟೇ.

“ಸುಳ್ಳು ಹೇಳ್ಬೇಡಕ್ಕಾ,” ಎಂದ. “ನಿಂಗದು ಬರಲ್ಲ.”