ಎಲೆ ಉದುರಿಸಿದ ಮೇಪಲ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೋದ ಫೆಬ್ರವರಿವರೆಗೆ ಅದರ ಬಗ್ಗೆ ನನಗೊಂದು ಜಂಬವೂ ಇತ್ತು.

ಬಾಳೂರಿನ ನಮ್ಮ ಎಸ್ಟೇಟ್ ಮನೆಯ ಹೂದೋಟಕ್ಕೆ ಊಟಿಯ ನರ್ಸರಿಯಿಂದ ಜಪಾನಿ ಮೇಪಲ್ ಗಿಡವೊಂದನ್ನು ಕುಂಡದ ಸಮೇತ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಬಂದವರಿಗೆಲ್ಲ ಪಾಠ ಮಾಡುತ್ತಿದ್ದೆ: ಎಲೆ ಬೆರಳು ಬಿಡಿಸಿದ ಅಂಗೈಯಂತಿರಬೇಕು, ಕಡ್ಡಿಯ ಮೇಲೆ ಎದುರುಬದುರು ಜೋಡಿಯಾಗಿಯೇ ಬರಬೇಕು, ಇಲ್ಲದಿದ್ದರೆ ಅದು ಮೇಪಲ್ ಅಲ್ಲ. ನೀರು ಹಾಕುತ್ತಿದ್ದವಳು ಅಂಜನಮ್ಮ. ಹನ್ನೆರಡು ವರ್ಷದಿಂದ ಹೂದೋಟದ ಕೆಲಸ ಅವಳದೇ.

ನವೆಂಬರ್‌ನಲ್ಲಿ ಗಿಡ ಕೆಂಪಾಯಿತು, ನೆಂಟರೆಲ್ಲ ಫೋಟೋ ತೆಗೆದುಕೊಂಡರು. ಡಿಸೆಂಬರ್‌ನಲ್ಲಿ ಒಂದೆಲೆ ಉಳಿಯದೆ ಉದುರಿತು. ಬೆಳಗಿನ ಹಾಜರಿಯ ಹೊತ್ತಿಗೆ, ಮೂವತ್ತು ಆಳುಗಳ ಎದುರು, "ಕಳೆನಾಶಕದ ಡಬ್ಬದಲ್ಲೇ ನೀರು ಹಾಕಿ ಗಿಡ ಕೊಂದೆಯಲ್ಲ" ಎಂದು ಬಾಯಿಗೆ ಬಂದಂತೆ ಬೈದೆ.

"ನಾ ಹಂಗೆಲ್ಲ ಮಾಡ್ಲಿಲ್ಲ ಅಮ್ಮ" ಎಂದಳು.

ನಾನು ಕೇಳಲಿಲ್ಲ. ಅವಳನ್ನು ಹೂದೋಟದಿಂದ ತೆಗೆದು ಕಾಫಿ ಕೊಯ್ಲಿಗೆ ಹಾಕಿದೆ. ಕುಂಡವನ್ನು ಗೊಬ್ಬರಗುಂಡಿಗೆ ಎಸೆ ಎಂದೆ. ಅವಳೇ ಎತ್ತಿಕೊಂಡು ಹೋದಳು.

ಫೆಬ್ರವರಿ ಕೊನೆಗೆ ನಲ್ಲಿ ರಿಪೇರಿ ನೋಡಲು ಆಳುಗಳ ಲೈನ್ ಮನೆಗಳ ಕಡೆ ಹೋದೆ. ಅಂಜನಮ್ಮನ ಬಾಗಿಲ ಪಕ್ಕ ಅದೇ ಕುಂಡವಿತ್ತು. ಗಿಡದ ತುಂಬ ಕೆಂಪು ಚಿಗುರು, ಜೋಡಿ ಜೋಡಿಯಾಗಿ.

"ಉಗುರಲ್ಲಿ ತೊಗಟೆ ಕೆರೆದು ನೋಡ್ದೆ ಅಮ್ಮ, ಒಳಗೆ ಹಸಿರಿತ್ತು. ಚಳಿಗೆ ಎಲೆ ಉದುರಿಸೋ ಜಾತಿ ಇರ್ಬೇಕು ಅಂದ್ಕೊಂಡೆ."

ಕಾಫಿ ಗಿಡಕ್ಕೆ ಜೀವ ಇದೆಯೋ ಇಲ್ಲವೋ ಎಂದು ನಾನೂ ಇಪ್ಪತ್ತು ವರ್ಷದಿಂದ ಹಾಗೆಯೇ ಕೆರೆದು ನೋಡುತ್ತ ಬಂದವಳು. ಈ ಗಿಡವನ್ನು ಮುಟ್ಟಿಯೂ ನೋಡಿರಲಿಲ್ಲ. ಊರಿಗೆಲ್ಲ ಪಾಠ ಮಾಡಿದವಳಿಗೆ ಎಲೆ ಉದುರುವುದು ಅದರ ಗುಣ ಎಂದೇ ಗೊತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

"ತಗೊಂಡೋಗಿ ಅಮ್ಮ, ನಿಮ್ದೇ ಗಿಡ. ಅವತ್ತು ಎಲ್ಲರ ಮುಂದೆ ಅಂದ್ರಲ್ಲ, ನಾ ಏನೂ ಮಾಡ್ಲಿಲ್ಲ ಅಂತ ಎಲ್ಲರ ಮುಂದೇನೇ ಒಂದ್ಮಾತು ಹೇಳ್ಬಿಡಿ. ಅಷ್ಟು ಸಾಕು."

"ನಾಳೆಯೇ ಹೇಳ್ತೀನಿ" ಎಂದೆ. ಹೇಳುವ ಮನಸ್ಸೂ ಇತ್ತು.

ಮರುದಿನ ಹಾಜರಿ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ, "ಆ ಮೇಪಲ್ ಗಿಡ ಸತ್ತಿರಲಿಲ್ಲ, ಚಿಗುರಿದೆ" ಎಂದೆ. ತಪ್ಪು ನನ್ನದು ಎನ್ನಲು ನಾಲಿಗೆ ಏಳಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಬೆಳ್ಳಿಯಪ್ಪ, "ಒಣಗಿದ್ದೂ ಚಿಗುರ್ತು ಅಂದ್ರೆ, ಅಮ್ಮೋರ ಕೈಗುಣ ನೋಡಿ" ಎಂದ. ಆಳುಗಳು ಹೌದು ಹೌದೆಂದು ತಲೆಯಾಡಿಸಿದರು.

ಅಂಜನಮ್ಮ ಕಾಯುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೆಳ್ಳಿಯಪ್ಪನ ಕಡೆ ತಿರುಗಿ ನಕ್ಕೆ.