ಅವನ ಕಡೆಯ ಹಿಡಿ

"ಇವತ್ತಾದ್ರೂ ಅಗುಳಿ ಹಾಕಣ ಕಣವ್ವ. ನೆನ್ನೆ ಕೊನೇ ಮನೆ ಬಾಗ್ಲು ಮುರ್ದು ಭತ್ತದ ಚೀಲ ಎಳ್ಕೊಂಡೋಗೈತೆ ಆನೆ."

ಶೀಲಾ ಹೀಗೆ ಅಂಗಲಾಚುವುದು ಹೊಸದಲ್ಲ. ಅವಳ ಅವ್ವ ಹುಲಿಯಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದಿರುವುದೂ ಹೊಸದಲ್ಲ. ಹೊಂಗಡಹಳ್ಳದ ಆಚೆಯ ಆ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಕತ್ತಲಾದರೂ ಅಗುಳಿ ಬೀಳದ ಮನೆ ಇದೊಂದೇ. ಮಗ ರಾಜೇಶ್ ಹಡಗಿನಲ್ಲಿ ಸತ್ತಾಗಿನಿಂದ ಹುಲಿಯಮ್ಮನಿಗೆ ಯಾರೋ ಬಾಗಿಲು ಬಡಿಯುವ ಸದ್ದು ಕೇಳುತ್ತದೆ. ಬೇರೆ ಯಾರಿಗೂ ಕೇಳುವುದಿಲ್ಲ. ಬಡಿಯುವ ಮಗನನ್ನು ಹೊರಗೆ ಬಿಟ್ಟು ಮಲಗುವ ತಾಯಿ ತಾನಲ್ಲ ಎಂಬುದು ಅವಳ ಹಟ. ಪುಟ್ಟ ಮಗಳನ್ನು ಗೋಡೆಯ ಬದಿಗೆ ಮಲಗಿಸಿ, ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡುವ ಕರ್ಮ ಶೀಲಾಳದು.

ಆ ಮಧ್ಯಾಹ್ನ ಆಲೂರಿನಿಂದ ಸುನಿಲ್‌ಕುಮಾರ್ ಬಂದ. ರಾಜೇಶನ ಜೊತೆ ಹಡಗಿನಲ್ಲಿದ್ದವನು, ಈಗ ನಿವೃತ್ತ. ಕಟ್ಟೆಯ ಮೇಲೆ ಕೂತು, ಕಾಫಿ ಲೋಟ ತಿರುಗಿಸುತ್ತಾ ಬಹಳ ಹೊತ್ತು ಹಡಗಿನ ಮಾತನ್ನೇ ಆಡಿದ. ಒಂದೇ ನಕ್ಷೆಯಲ್ಲಿ ಕಟ್ಟಿದ ಮೂರು ಯುದ್ಧನೌಕೆಗಳು, ಮೂರಕ್ಕೂ ನದಿಗಳ ಹೆಸರು. ಮೊದಲು ನೀರಿಗಿಳಿದದ್ದು ಹೇಮಾವತಿ. ನಮ್ಮ ಹೊಳೆಯ ಹೆಸರಿನ ಹಡಗು ಎಂದು ರಾಜೇಶ್ ರಜೆಗೆ ಬಂದಾಗ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅವನು ಹೇಮಾವತಿಯಲ್ಲಿ ತೀರಿಕೊಂಡನೆಂಬ ಸುದ್ದಿ ಬಂದಾಗ ಲೈನಿನ ಗಂಡಸರು ಹೊಳೆಯಲ್ಲೆಂದೇ ತಿಳಿದು, ಹಗ್ಗ ಹಿಡಿದು ಸಕಲೇಶಪುರದ ಸೇತುವೆಯ ಬುಡಕ್ಕೆ ಓಡಿದ್ದರು, ಹೆಣ ಹುಡುಕಲು. ಹುಲಿಯಮ್ಮನೂ ಓಡಿದ್ದಳು.

"ಮೂರೂ ಗುಜರಿಗೆ ಹೋದ್ವು ಕಣಮ್ಮ. ನಾನು ಆಮೇಲೆ ಇದ್ದದ್ದು ಕೊನೇದು, ವೇದಾವತೀಲಿ. ಅದನ್ನೂ ಮೊನ್ನೆ ಒಡ್ದಾಕಿದ್ರು."

ಹುಲಿಯಮ್ಮನಿಗೆ ಬೇಕಾಗಿದ್ದುದು ಅದಲ್ಲ. "ಒಂದ್ ಮಾತು ಕೇಳ್ತೀನಿ, ಸುಳ್ಳೇಳ್ಬ್ಯಾಡ ಕಣಪ್ಪ. ಆವಾಗ ಹಡಗಿಂದ ಬಂದೋರೆಲ್ಲ ಕಣ್ಮುಚ್ಚಿ ಬಿಡಾದ್ರೊಳ್ಗೆ ಜೀವ ಹೋಯ್ತು ಅಂದ್ರು. ನನ್ ಮಗ ಬಾಗ್ಲು ಬಡ್ದಿದ್ನಾ?"

ಶೀಲಾ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಸುನಿಲ್‌ಕುಮಾರ್ ಲೋಟ ಕೆಳಗಿಟ್ಟ.

"ಬಡ್ದಿದ್ದ ಕಣಮ್ಮ. ಪೈಪ್ ಒಡ್ದು ಅವ್ನಿದ್ದ ಪಂಪ್ ರೂಮಿಗೆ ನೀರು ನುಗ್ತು. ಬಾಗ್ಲು ಮುಚ್ಕೊಂಡ್ಬುಡ್ತು. ಅದಕ್ಕೆ ಹಿಡಿ ಇದ್ದದ್ದು ಹೊರಗಡೆ ಮಾತ್ರ. ಇಂಜಿನ್ ಸದ್ದಲ್ಲಿ ನಮ್ಗ್ಯಾರ್ಗೂ ಕೇಳ್ಲಿಲ್ಲ. ಆಮೇಲೆ ನೋಡಿದ್ರೆ ಬಾಗ್ಲ ಒಳಮೈಯೆಲ್ಲ ಸ್ಪ್ಯಾನರ್ ಏಟಿಗೆ ತಗ್ಗು ಬಿದ್ದಿತ್ತು."

"ನಂಗೊತ್ತಿತ್ತು," ಎಂದಳು ಹುಲಿಯಮ್ಮ. "ನಂಗೆ ಕೇಳ್ತೈತೆ." ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟು ವರ್ಷ ಹುಚ್ಚಿ ಅನ್ನಿಸಿಕೊಂಡಾಗ ಆಗದ ಸಂಕಟ, ತಾನು ಹುಚ್ಚಿಯಲ್ಲ ಎಂದು ತಿಳಿದಾಗ ಆಯಿತು.

ಸುನಿಲ್‌ಕುಮಾರ್ ಚೀಲದಿಂದ ಒಂದು ಕಬ್ಬಿಣದ ಹಿಡಿ ತೆಗೆದು ಅವಳ ಮಡಿಲಲ್ಲಿಟ್ಟ.

"ವೇದಾವತಿ ಒಡ್ಯೋವಾಗ ಬಿಚ್ಚಿಸ್ಕೊಂಡ್ ಬಂದೆ. ಅವ್ನು ಹೋದ್ಮೇಲೆ ನಕ್ಷೆ ತಿದ್ದಿ, ಮೂರು ಹಡಗಲ್ಲೂ ಆ ಬಾಗ್ಲಿಗೆ ಒಳಗಡೆ ಒಂದು ಹಿಡಿ ಹಾಕ್ಸಿದ್ರು. ನಾವದನ್ನ ರಾಜೇಶ್ ಅಂತ್ಲೇ ಕರೀತಿದ್ವಿ. ಹೊಸಬ ಬಂದ್ರೆ ಮೊದ್ಲು ಅದೇ ಮಾತು, ರಾಜೇಶ್ ಎಲ್ಲೈತೆ ನೋಡ್ಕೊ ಅಂತ. ವೇದಾವತೀಲಿ ಒಂದ್ಸಲ ನಾನೂ ಒಳಗೆ ಸಿಕ್ಕಾಕ್ಕೊಂಡೆ. ಕತ್ಲು, ಎದೆಮಟ್ಟ ನೀರು. ಇದು ಕೈಗೆ ಸಿಕ್ತು."

ಎಷ್ಟೋ ಕೈಗಳು ಮುಟ್ಟಿ ಹಿಡಿ ನುಣ್ಣಗಾಗಿತ್ತು. ಅವನು ಹೊರಟು ಹೋದ ಮೇಲೂ ಹುಲಿಯಮ್ಮ ಅದನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಕೆಲಸ ಮುಗಿಸಿ ಬಂದ ಅಳಿಯ ಸಿದ್ದುವಿಗೆ ಅದನ್ನು ಕೊಟ್ಟು, "ಬಾಗ್ಲಿಗೆ ಹಾಕು" ಎಂದಳು. ಅವನು ಸ್ಟೋರಿನಿಂದ ಡ್ರಿಲ್ ತಂದು, ಬಾಗಿಲ ಒಳಬದಿಗೆ ಹಿಡಿಯಿಟ್ಟು ಗುರುತು ಮಾಡತೊಡಗಿದ.

"ಒಳಗಲ್ಲ ಕಣಪ್ಪ. ಹೊರಗಡೆ ಹಾಕು. ಅವ್ನ ಕಡೀಗಿರ್ಲಿ, ಬಂದ್ರೆ ಕೈಗೆ ಸಿಗ್ಲಿ."

ಸಿದ್ದು ಹೆಂಡತಿಯ ಮುಖ ನೋಡಿದ. ಹಾಕು ಎಂಬಂತೆ ಶೀಲಾ ತಲೆಯಾಡಿಸಿದಳು.

ಮುಸ್ಸಂಜೆಗೆ ಆನೆಗಳು ಬಂದಿವೆಯೆಂದು ಸೈರನ್ ಕೂಗಿತು. ಲೈನಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಹುಲಿಯಮ್ಮ ತಾನೇ ಎದ್ದು ಹೋಗಿ ಅಗುಳಿ ಹಾಕಿದಳು. ಹಲಗೆ ತೂರಿ ಒಳಗೆ ಬಂದಿದ್ದ ಬೋಲ್ಟಿನ ತುದಿಗಳ ಮೇಲೆ ಅಂಗೈಯಿಟ್ಟು ನಿಂತಳು. ಅವಳ ಬೆನ್ನ ಹಿಂದೆ ಶೀಲಾ ಮಗಳ ಪಕ್ಕ ಆಗಲೇ ನಿದ್ದೆ ಹೋಗಿದ್ದಳು.

ಆವತ್ತು ಯಾರೂ ಬಡಿಯಲಿಲ್ಲ. ಹುಲಿಯಮ್ಮ ಕೈ ತೆಗೆಯಲಿಲ್ಲ.