ನೆಟ್ಟಗೆ ನಿಲ್ಲುವಷ್ಟು ಮನೆ

ಹೊಸ ಮನೆಗೆ ಬಂದ ವಾರದಲ್ಲೇ ಬಚ್ಚಲಿನ ನಲ್ಲಿ ಕೈಗೆ ಕಿತ್ತು ಬಂತು. ನ್ಯಾ ಅಭ್ಯಾಸಬಲದಿಂದ ಫೋನು ತೆಗೆದು ಹಳೆಯ ಬಾಡಿಗೆ ಮನೆಯ ಯಜಮಾನಿಗೆ ಕರೆ ಮಾಡಿಬಿಟ್ಟಳು. ಆಕೆ ದೂರನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, "ಈಗ ನೀನೇ ಮನೆಯೊಡತಿ ಕಣಮ್ಮಾ. ಇನ್ಮೇಲೆ ಬೈಯೋದಿದ್ರೆ ನಿನ್ನನ್ನ ನೀನೇ ಬೈಕೋ," ಎಂದು ನಕ್ಕು ಫೋನಿಟ್ಟಳು. ನ್ಯಾಗೂ ನಗು ತಡೆಯಲಿಲ್ಲ. ಸರ್ರನೆ ಚಿಮ್ಮುವ ನೀರಿಗೆ ಅಂಗೈ ಒತ್ತಿ ನಿಂತಿದ್ದರೂ "ಮನೆಯೊಡತಿ" ಎಂಬ ಮಾತು ಅವಳಿಗೆ ಬಹಳ ಹಿತವಾಗಿ ಕೇಳಿತು.

ಮನೆ ಕಟ್ಟಿ ನೋಡು ಎಂದ ಹಿರಿಯರು, ಹಳೆ ಮನೆ ಕೊಂಡು ನೋಡು ಎನ್ನುವುದನ್ನು ಯಾಕೋ ಮರೆತರು. ನಲ್ಲಿ ಸರಿಮಾಡಲು ಬಂದವನು ಪೈಪು ತುಕ್ಕು ಹಿಡಿದಿದೆ ಎಂದ. ಪೈಪಿನವನು ಗೋಡೆ ಬಡಿದು ನೋಡಿ ಒಳಗೆಲ್ಲ ತೇವ ಎಂದ. ಗೋಡೆ ಒಡೆದವನು ವೈರು ಕೈಗೆತ್ತಿಕೊಂಡು, "ಇಷ್ಟು ದಿನ ನೀವು ಸುಟ್ಟುಹೋಗಿಲ್ವಲ್ಲ, ಪುಣ್ಯವಂತರು," ಎಂದು ಹೊಗಳಿದ. ಒಬ್ಬೊಬ್ಬನೂ ಹೋಗುವಾಗ ಲಕ್ಷಗಟ್ಟಲೆ ಡಾಂಗ್ ಹಣ ಜೇಬಿಗಿಳಿಸಿಕೊಂಡು, ಮುಂದಿನವನ ನಂಬರು ಕೊಟ್ಟು ಹೋದ. ಗಂಡ ಹೆಂಡತಿ ತಿಂಗಳ ಕೊನೆಗೆ ಬರೀ ನುಚ್ಚಕ್ಕಿ ಅನ್ನಕ್ಕೆ ಮೊಟ್ಟೆ ಹಾಕಿಕೊಂಡು ಉಂಡರು. ಉಂಡದ್ದು ಮಾತ್ರ ಸ್ವಂತ ಮನೆಯಲ್ಲಿ.

ನಿಜ ಹೇಳಬೇಕೆಂದರೆ, ಕೊಳ್ಳುವಾಗ ನ್ಯಾ ನಲ್ಲಿಯನ್ನೂ ನೋಡಿರಲಿಲ್ಲ, ವೈರನ್ನೂ ನೋಡಿರಲಿಲ್ಲ. ಅವಳು ನೋಡಿದ್ದು ಒಂದೇ, ಗಂಡನ ತಲೆ. ಲೋಕ್ ಸೈಗಾನಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಓಣಿಯ ಗಂಡಸರ ನಡುವೆ ಹೆಗಲಿನಿಂದ ಮೇಲಕ್ಕೆ ಒಬ್ಬನೇ ಕಾಣುವ ಆಳು. ಬಸ್ಸಿನಲ್ಲಿ ಬಗ್ಗಿ ಟಿಕೆಟ್ ಹರಿದು ಮನೆಗೆ ಬಂದರೆ, ಬಾಡಿಗೆ ಕೋಣೆಯಲ್ಲಿ ತಲೆಯ ಮೇಲೆಯೇ ಮಲಗುವ ಅಟ್ಟ. ಅಲ್ಲಿಯೂ ಬಗ್ಗುವುದೇ. ಬಗ್ಗಿ ಬಗ್ಗಿ ಅವನಿಗೆ ಬಯಲಿನಲ್ಲೂ ಬಗ್ಗಿ ನಡೆಯುವ ರೂಢಿ ಬಿದ್ದಿತ್ತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನ್ಯಾ ಅವನ ಬೆನ್ನಿಗೆ ಮುಲಾಮು ಹಚ್ಚುತ್ತ ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ್ದಳು: ಕೊಂಡರೆ ಇವರು ನೆಟ್ಟಗೆ ನಿಲ್ಲುವ ಮನೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆಯೇ ಬೇಡ. ದಲ್ಲಾಳಿಗಳು ನೀರು, ಗಾಳಿ, ಕಾಗದಪತ್ರ ಎಂದು ಹೊಗಳುತ್ತಿದ್ದರೆ ಇವಳು ಗಂಡನತ್ತ ತಿರುಗಿ, "ಅದಿರ್ಲಿ, ನೀವು ಇಲ್ಲಿ ನಿಂತ್ಕೊಳ್ರೀ," ಎನ್ನುತ್ತಿದ್ದಳು. ಈ ಓಣಿಯ ಮನೆಯಲ್ಲಿ ಅವನು ನಿಂತಾಗ ತಲೆಗೂ ಅಟ್ಟದ ತೊಲೆಗೂ ನಡುವೆ ಒಂದೂಕಾಲು ಗೇಣು ಜಾಗ ಉಳಿದಿತ್ತು. ಅಲ್ಲೇ ಮುಂಗಡ ಕೊಟ್ಟಳು.

ಅವರು ಬಂದು ನೆಲೆಯೂರುವಷ್ಟರಲ್ಲಿ ಓಣಿಯವರು ಮನೆಗಿಷ್ಟು ಎಂದು ಹಣ ಹಾಕಿ ದಾರಿಗೆ ಕಾಂಕ್ರೀಟು ಸುರಿಸಿದರು. ಓಣಿ ಎತ್ತರವಾಯಿತು, ಮನೆ ತಗ್ಗಾಯಿತು. ಹುಣ್ಣಿಮೆಯ ಉಬ್ಬರಕ್ಕೆ ಕಾಲುವೆ ಉಕ್ಕಿದಾಗ ನೀರಿಗೆ ದಾರಿ ಹೇಳಿಕೊಡಬೇಕೆ? ನೇರ ಒಳಕ್ಕೆ ಬಂತು. ಬಾಣಲೆ ತೇಲುತ್ತ ಬಂದು ಲೋಕ್‌ನ ಮೊಣಕಾಲಿಗೆ ಡಿಕ್ಕಿ ಹೊಡೆಯಿತು. ಅವನು ಅದನ್ನೆತ್ತಿ, "ಟಿಕೆಟ್, ಟಿಕೆಟ್!" ಎಂದು ಕೂಗಿದ. ಇಬ್ಬರೂ ನೀರಿನಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮರುದಿನ ಅದೇ ಓಣಿಯ ಗಾರೆ ಮೇಸ್ತ್ರಿ ತಾಮ್ ಬಂದು ನೋಡಿದ. "ಬೇರೆ ಏನೂ ದಾರಿ ಇಲ್ಲ ಕಣಮ್ಮಾ. ನೆಲ ಎತ್ಬೇಕು. ಒಂದು ಗೇಣು ಎತ್ತಿದ್ರೆ ನೀರು ಒಳಗೆ ಬರಲ್ಲ."

"ಒಂದೇ ಗೇಣು ತಾನೇ ಚಿಕ್ಕಪ್ಪಾ? ಇನ್ನೂ ಕಾಲು ಗೇಣು ಉಳೀತದೆ," ಎಂದು ನ್ಯಾ ನಿರಾಳವಾಗಿ ಉಸಿರುಬಿಟ್ಟಳು.

ಆ ನಿರಾಳ ಅವಳ ಅಮ್ಮ ಬರುವವರೆಗೆ ಮಾತ್ರ ಉಳಿಯಿತು. ನೆಲ ಎತ್ತಿಸುವ ಸುದ್ದಿ ಕೇಳಿದ್ದೇ ತಡ, ಅಮ್ಮ ತನ್ನೂರು ಬೆನ್‌ಚೆಯಿಂದ ಚಕ್ಕೋತದ ಮೂಟೆ ಹೊತ್ತು ಮೊದಲ ಬಸ್ಸಿಗೇ ಇಳಿದಳು. ಈ ಮನೆಗಾಗಿ ಬೆರಳಿನ ಚಿನ್ನದುಂಗುರಗಳನ್ನೆಲ್ಲ ಮಾರಿ ಕೊಟ್ಟವಳು ಅವಳು. ಅವಳ ಮಾತು ತೆಗೆದುಹಾಕುವಂತಿರಲಿಲ್ಲ. ಚಕ್ಕೋತ ಇಳಿಸಿದವಳೇ ಅಳತೆಗೆ ಬಂದಿದ್ದ ಮೇಸ್ತ್ರಿಯನ್ನು ಕೇಳಿದಳು.

"ಏನಯ್ಯಾ ತಾಮ್, ಟೇಪು ಹಿಡಿದು ನೋಡಿದ್ಯಾ?"

ಕೇಳಿದ್ದು ಶುಭಾಶುಭದ ಟೇಪನ್ನು. ಅದರಲ್ಲಿ ಅಳತೆಯ ಪಕ್ಕದಲ್ಲೇ ಕೆಂಪು ಪಟ್ಟಿ, ಕಪ್ಪು ಪಟ್ಟಿ ಇರುತ್ತವೆ. ಕೆಂಪಿನ ಮೇಲೆ ಸಿರಿ, ಸಂತಾನ ಎಂದು ಬರೆದಿರುತ್ತದೆ, ಕಪ್ಪಿನ ಮೇಲೆ ನಷ್ಟ, ಕಾಯಿಲೆ ಎಂದು. ಬಾಗಿಲು, ಒಲೆಕಟ್ಟೆ, ಸೂರು, ಯಾವುದೇ ಆದರೂ ಅಳತೆ ಕೆಂಪಿಗೆ ಬಂದರೆ ಒಳ್ಳೆಯದು. ಇದನ್ನು ನಂಬುವುದಿಲ್ಲ ಎನ್ನುವವರೂ ಕಪ್ಪಿಗೆ ಬಂದ ಮನೆಯಲ್ಲಿ ಮಲಗಲು ಹಿಂಜರಿಯುತ್ತಾರೆ. ತಾಮ್ ಒಂದು ಗೇಣು ಲೆಕ್ಕ ಬಿಟ್ಟು, ಅಲ್ಲಿಂದ ತೊಲೆಯವರೆಗೆ ಟೇಪು ಎಳೆದ.

"ಕಪ್ಪು ಅಕ್ಕಾ. ನಷ್ಟ ಅಂತಿದೆ."

"ಇನ್ನೊಂದಿಷ್ಟು ಎತ್ತು."

"ನಾಲ್ಕು ಬೆರಳು ಜಾಸ್ತಿ ಎತ್ತಿದ್ರೆ ಸಿರಿ."

"ಎತ್ತು ಮತ್ತೆ! ಸಿರಿ ಬೇಡ ಅನ್ನೋರು ಯಾರು?"

ಉಳಿಯುವ ಕಾಲು ಗೇಣೆಂದರೆ ಮೂರೇ ಬೆರಳು ಎಂದು ನ್ಯಾ ಲೆಕ್ಕ ಹಾಕಿದಳು. ನಾಲ್ಕು ಬೆರಳು ಹೋದರೆ ಲೋಕ್ ಮತ್ತೆ ಬಗ್ಗಬೇಕು, ಸಾಯುವವರೆಗೆ. ಅಟ್ಟವನ್ನೇ ಮೇಲೆತ್ತಲು ಆಗುವುದಿಲ್ಲವೇ ಎಂದು ಕೇಳಿದಳು. ತಾಮ್ ಹೇಳಿದ ಮೊತ್ತಕ್ಕೆ ಲೋಕ್ ತನ್ನ ಬಸ್ಸಿನಲ್ಲಿ ಮುದುಕನಾಗುವವರೆಗೂ ಟಿಕೆಟ್ ಹರಿದರೂ ಸಾಲುತ್ತಿರಲಿಲ್ಲ.

"ಅಮ್ಮ ಹೇಳಿದ ಹಾಗೇ ಆಗ್ಲಿ ಬಿಡು," ಎಂದ ಲೋಕ್, ನಗುತ್ತಲೇ. "ನಂಗೆ ಬಗ್ಗೋದು ರೂಢಿ."

ಆ ನಗು ನೋಡಿ ನ್ಯಾಗೆ ಅಳು ಬಂತು, ಅಳುವಿನ ಹಿಂದೆಯೇ ಕೋಪ ಬಂತು. ಅತ್ತೆಯ ಮಾತಿಗೆ ತಲೆಯಾಡಿಸುವ ಈ ಒಳ್ಳೆಯತನದ ಮೇಲೆ ಕೋಪ, ಟೇಪಿನ ಮೇಲೆ ಕೋಪ, ಟೇಪಿಗೆ ತಾನೂ ಹೆದರುತ್ತೇನಲ್ಲ ಎಂದು ತನ್ನ ಮೇಲೆ ಇನ್ನೂ ಕೋಪ.

"ಅಮ್ಮಾ, ಮನೆ ಅಳೀತಿಯಲ್ಲ, ಮನೇಲಿರೋರನ್ನ ಯಾಕೆ ಅಳೆಯಲ್ಲ?" ಎಂದಳು. "ಇವ್ರನ್ನ ಅಳೆಸು. ಇವ್ರು ಕಪ್ಪಿಗೆ ಬಂದ್ರೆ ನೀನು ಹೇಳಿದಷ್ಟು ಎತ್ತಿಸ್ತೀನಿ, ತುಟಿ ಪಿಟಕ್ ಅನ್ನಲ್ಲ. ಕೆಂಪಿಗೆ ಬಂದ್ರೆ ನೆಲ ಗೇಣಿಗೇ ನಿಲ್ಬೇಕು."

"ಮನುಷ್ಯರನ್ನ ಅಳೆಯೋದಾ? ಎಲ್ಲಾದ್ರೂ ಉಂಟೇನೇ?"

"ಯಾಕೆ, ಸೋಲ್ತೀನಿ ಅಂತ ಭಯಾನಾ?"

ಅಮ್ಮನಿಗೆ ಅಷ್ಟು ಸಾಕಿತ್ತು. "ಹಿಡಿಯಯ್ಯಾ ಟೇಪು!" ಎಂದಳು.

ಓಣಿಯಲ್ಲಿ ಇಂಥ ಮಾತು ಹರಡಲು ಎಷ್ಟು ಹೊತ್ತು ಬೇಕು? ಎದುರು ಮನೆಯವರು, ಐಸ್ ಕಾಫಿ ಗಾಡಿಯವಳು, ಲಾಟರಿ ಮಾರುವವನು ಎಲ್ಲ ಬಾಗಿಲಿಗೆ ಬಂದು ಜಮಾಯಿಸಿದರು. ತಾಮ್‌ಗೆ ಅನುಕೂಲವಾಗಲಿ ಎಂದು ಲೋಕ್ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟ.

"ಏಳೋ, ಏಳೋ!" ಅಮ್ಮ ಚೀರಿದಳು. "ಬದುಕಿರೋರನ್ನ ಮಲಗಿಸಿ ಅಳೀತಾರೇನೋ? ಅದು ಶವಪೆಟ್ಟಿಗೆ ಮಾಡೋರ ಅಳತೆ! ಥೂ ಥೂ, ಬಿಡ್ತು ಅನ್ನು!"

ಅವನು ಬಿಡ್ತು ಅಂದು, ಎದ್ದು, ರೂಢಿಯಂತೆ ಬೆನ್ನು ಬಾಗಿಸಿ ನಿಂತ.

"ನೆಟ್ಟಗೆ ನಿಂತ್ಕೊಳೋ ಮಗಾ," ಎಂದು ಅಮ್ಮ ಅವನ ಬೆನ್ನಿಗೊಂದು ಬಿಟ್ಟಳು.

ಲೋಕ್ ನೆಟ್ಟಗಾದ. ಅಮ್ಮ ತಲೆಯೆತ್ತಿ ನೋಡಿದಳು, ಇನ್ನೂ ಎತ್ತಿದಳು. ಮದುವೆಯ ದಿನದಿಂದ ಅವನು ಅವಳೆದುರು ಬಗ್ಗಿಯೇ ನಿಂತವನು. ಬಡವರ ಮನೆ ಹುಡುಗ, ಹುಟ್ಟಿನಿಂದಲೇ ಗೂನಿರಬೇಕು ಎಂದು ಅವಳು ಊರಿನಲ್ಲಿ ನೆಂಟರಿಗೆ ಹೇಳಿಕೊಂಡಿದ್ದಳು. ಈಗ ನೋಡಿದರೆ ಎಂಥ ಆಳು!

ತಾಮ್ ಸ್ಟೂಲು ಹತ್ತಿ, ಟೇಪು ತಲೆಗೆ ಒತ್ತಿ, ಕಣ್ಣು ಕಿರಿದು ಮಾಡಿ ಓದಿದ. ಮತ್ತೊಮ್ಮೆ ಓದಿದ. ಅವನ ಮುಖ ಇಳಿಯಿತು.

"ಕಪ್ಪು," ಎಂದ. "ಕೆಂಪಿಗೆ ಇನ್ನೊಂದೇ ಬೆರಳು ಬೇಕಿತ್ತು."

ಬಾಗಿಲಲ್ಲಿ ನಿಂತವರು ಅಯ್ಯೋ ಎಂದರು. ನ್ಯಾ ಮಾತು ಕೊಟ್ಟಾಗಿತ್ತು. ತಾನೇ ಹೂಡಿದ ಪಂದ್ಯಕ್ಕೆ ಗಂಡನ ಬೆನ್ನನ್ನು ಒತ್ತೆಯಿಟ್ಟು ಸೋತೆನಲ್ಲ ಎಂದು ಸಂಕಟವಾಯಿತು. "ಹೋಗ್ಲಿ ಬಿಡು ನ್ಯಾ," ಎಂದ ಲೋಕ್. ಎಂದವನೇ, ಯಾರೂ ಹೇಳದಿದ್ದರೂ, ಮೆಲ್ಲಗೆ ಬೆನ್ನು ಬಾಗಿಸತೊಡಗಿದ.

"ಬಗ್ಗಬೇಡ!"

ಕೂಗಿದ್ದು ಅಮ್ಮ. ಕೂಗಿದವಳು ಜನರನ್ನು ಸರಿಸಿಕೊಂಡು ಹೊಸ್ತಿಲಾಚೆ ಹೋದಳು. ತನ್ನ ರಬ್ಬರ್ ಚಪ್ಪಲಿ ಎತ್ತಿ ತಂದು ಅಳಿಯನ ಕಾಲ ಬಳಿ ಇಟ್ಟಳು.

"ಹಾಕ್ಕೋ."

"ಅಮ್ಮಾ, ಮನೆಯೊಳಗೆ..."

"ಹಾಕ್ಕೋ ಅಂದೆ. ಬರಿಗಾಲಲ್ಲಿ ನಿಲ್ಸಿ ಅಳೆಯೋಕೆ ನನ್ನಳಿಯ ಏನು ಭಿಕಾರಿಯಾ?"

ಲೋಕ್ ಹಿಮ್ಮಡಿಯೆಲ್ಲ ಹೊರಗೆ ಚಾಚಿದ್ದರೂ ಆ ಪುಟ್ಟ ಚಪ್ಪಲಿಯ ಮೇಲೆ ನೆಟ್ಟಗೆ ನಿಂತ. ಅಮ್ಮ ತಾನೇ ಕುಕ್ಕರುಗಾಲಲ್ಲಿ ಕುಳಿತು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದಳು. "ಈಗ ಓದಯ್ಯಾ. ಕಣ್ಣು ತೊಳ್ಕೊಂಡು ಓದು."

"ಕೆಂಪು!" ತಾಮ್ ಕೂಗಿದ. "ಸಿರಿ!"

ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ನ್ಯಾ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ತಾಮ್ ಮಾತ್ರ ಸ್ಟೂಲಿನಿಂದ ಇಳಿಯುತ್ತ ತಲೆ ಕೆರೆದುಕೊಂಡ.

"ಅದು ಸರಿ ಅಕ್ಕಾ, ತೊಲೆ ಅಳತೆ ಕಪ್ಪಲ್ಲೇ ಉಳೀತಲ್ಲ?"

"ತೊಲೆಗೆ ಕೆಂಪು ಬಣ್ಣ ಬಳಿ."

"ಮತ್ತೆ ನೆಲ ಎತ್ತಿದ್ಮೇಲೆ ಇವ್ನು ಚಪ್ಪಲಿ ಹಾಕ್ಕೊಂಡು ನಿಂತ್ರೆ ತಲೆಗೂ ತೊಲೆಗೂ ಎರಡೇ ಬೆರಳು ಉಳೀತದೆ."

"ಮನೆಯೊಳಗೆ ಯಾವೋನಾದ್ರೂ ಚಪ್ಪಲಿ ಹಾಕ್ಕೊಂಡು ಓಡಾಡ್ತಾನೇನಯ್ಯಾ?" ಎಂದು ಅಮ್ಮ ಅವನನ್ನೇ ಗದರಿದಳು. "ಹೊರಗೆ ಬಿಟ್ಟು ಬರ್ತಾನೆ. ನೀನು ಗೇಣಿನ ಮೇಲೆ ಒಂದು ಬೆರಳು ಜಾಸ್ತಿ ಎತ್ತಿದ್ಯೋ, ಕೂಲಿ ಇಲ್ಲ, ನೋಡ್ಕೋ!"